ಬಣ್ಣ ಉಳಿದಿತ್ತು, ಕಬ್ಬಿಣ ಇರಲಿಲ್ಲ: ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯೊಂದರ ಚಾಸಿ ತುಕ್ಕಿನ ಪ್ರಕರಣ

ಎಡಗಡೆ ಹಿಂದಿನ ಲೀಫ್ ಸ್ಪ್ರಿಂಗ್‌ನ ಮುಂದಿನ ಹ್ಯಾಂಗರ್‌ನಿಂದ ಒಂದು ಗೇಣು ಆಚೆ ಚಾಸಿಯ (ಗಾಡಿಯ ಭಾರವೆಲ್ಲ ಹೊರುವ ಕಬ್ಬಿಣದ ಚೌಕಟ್ಟಿನ) ಅಡಿಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದೆ. ಅಲ್ಲಿಯ ತನಕ ಠಣ್ ಠಣ್ ಅನ್ನುತ್ತಿದ್ದ ಚಾಸಿಯ ಉದ್ದದ ತೊಲೆ ಆ ಜಾಗದಲ್ಲಿ ಮಾತ್ರ ದಬ್ ಅಂದಿತು. ಸ್ಕ್ರೂಡ್ರೈವರ್ ತಿರುಗಿಸಿ ಮೊನೆಯಿಂದ ಒತ್ತಿದೆ, ಹೆಚ್ಚು ಬಲವನ್ನೇನೂ ಹಾಕಲಿಲ್ಲ. ಎರಡು ಅಂಗುಲ ಒಳಗೆ ಇಳಿಯಿತು. ಹಿಂದಕ್ಕೆ ಎಳೆದಾಗ ಕಂದು ಪುಡಿ, ಕಾಗದದಷ್ಟು ತೆಳು ಚಕ್ಕೆಗಳು, ಹಸಿ ಮಣ್ಣು ಎಲ್ಲ ಕನ್ನಡಕದ ಮೇಲೆ ಉದುರಿದವು. ಗಾಡಿ ಸೂರಿನಡಿ ನಿಂತು ಹನ್ನೆರಡು ದಿನ ಆಗಿತ್ತು. ಆದರೂ ತೊಲೆಯೊಳಗಿನ ಮಣ್ಣು ಕೈಯಲ್ಲಿ ಹಿಸುಕಿದರೆ ಉಂಡೆ ಕಟ್ಟುವಷ್ಟು ಒದ್ದೆಯಿತ್ತು.

ಪಕ್ಕದಲ್ಲೇ ಮಲಗಿ ಟಾರ್ಚ್ ಹಿಡಿದಿದ್ದ ವೆಲ್ಡರ್ ಸ್ವಲ್ಪ ಹೊತ್ತು ನೋಡಿ, "ಅಣ್ಣ, ಇಲ್ಲಿ ಕಬ್ಬಿಣ ಯಾವತ್ತೋ ಮುಗಿದಿದೆ. ಬಣ್ಣ ನಿಂತಿದೆ ಅಷ್ಟೇ" ಅಂದ.

ಆ ಬಣ್ಣ ಹೊಡೆದವನು ನಾನೇ. ಏಳು ವರ್ಷದ ಹಿಂದೆ ಗಾಡಿ ಕೊಂಡ ಹೊಸತರಲ್ಲಿ ಅಡಿಯನ್ನು ಪ್ರೆಷರ್ ವಾಷರ್‌ನಲ್ಲಿ ತೊಳೆದು, ಅಲ್ಲಲ್ಲಿ ಕಂಡ ತುಕ್ಕನ್ನು ವೈರ್ ಬ್ರಷ್‌ನಿಂದ ಕೆರೆದು, ಮಾರನೆಯ ದಿನವೇ ರಬ್ಬರ್ ಮಿಶ್ರಿತ ಬಿಟುಮೆನ್ (ಡಾಂಬರು) ಅಂಡರ್‌ಕೋಟನ್ನು ದಪ್ಪಗೆ ಹೊಡೆದಿದ್ದೆ. ಅಡಿಯೆಲ್ಲ ಕಪ್ಪಗೆ, ಒಂದೇ ಸಮನೆ ಕಾಣುತ್ತಿತ್ತು. ಆಮೇಲೆ ಪ್ರತಿ ವರ್ಷ ಬಗ್ಗಿ ನೋಡುವುದು, ಕಪ್ಪಗಿದೆ ಅಂತ ಸಮಾಧಾನಪಟ್ಟು ಏಳುವುದು. ಮೇಲೆ ಥಳುಕು ಒಳಗೆ ಹುಳುಕು ಅನ್ನುವುದಕ್ಕೆ ಇದಕ್ಕಿಂತ ಸರಿಯಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಗಾಡಿಗೆ ಈಗ 24 ವರ್ಷ. ಏಣಿಯಂಥ ಚಾಸಿ, ಅದರ ಮೇಲೆ ಬೋಲ್ಟ್ ಮಾಡಿ ಕೂರಿಸಿದ ಬಾಡಿ, ಹಿಂದೆ ಮುಂದೆ ಲೀಫ್ ಸ್ಪ್ರಿಂಗ್. ಎರಡು ಉದ್ದದ ತೊಲೆಗಳೂ 3 ಮಿಲಿಮೀಟರ್ ತಗಡನ್ನು ಮಡಚಿ ಬೆಸೆದ ಪೆಟ್ಟಿಗೆಗಳು, ಒಳಗೆ ಪೂರ್ತಿ ಟೊಳ್ಳು. ಕೆಸರು, ಹೊಳೆ, ಕಡಲತೀರದ ಮರಳು ಎಲ್ಲವನ್ನೂ ಕಂಡ ಗಾಡಿ. ಹೊಳೆ ದಾಟುವಾಗ ತೊಲೆಯ ತೂತುಗಳಿಂದ ನೀರು ಒಳಗೆ ನುಗ್ಗುತ್ತದೆ, ಜೊತೆಗೆ ಮಣ್ಣನ್ನೂ ಒಯ್ಯುತ್ತದೆ. ನೀರು ಇಳಿದುಹೋಗಲೆಂದೇ ಅಡಿಯಲ್ಲಿ 12 ಮಿಲಿಮೀಟರ್‌ನ ತೂತುಗಳನ್ನು ತಯಾರಿಸುವಾಗಲೇ ಬಿಟ್ಟಿರುತ್ತಾರೆ. ಒಂದೊಂದು ತೊಲೆಗೂ ಅಂಥ ಆರು ತೂತು. ಅವುಗಳಲ್ಲಿ ಒಟ್ಟು ಏಳನ್ನು ನನ್ನ ಬಿಟುಮೆನ್ನೇ ಮುಚ್ಚಿತ್ತು. ಸಿಕ್ಕಿದ ತಪ್ಪುಗಳಲ್ಲೆಲ್ಲ ನನ್ನನ್ನು ಹೆಚ್ಚು ಕಾಡಿದ್ದು ಇದೇ.

ಮುಚ್ಚಿದ ಕಡೆಯೇ ಯಾಕೆ ಕೊಳೆಯಿತು

ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ತುಕ್ಕು ಅಂತ ಶಾಲೆಯಲ್ಲಿ ಓದಿದ್ದೇವೆ. ಹಾಗಾದರೆ ಗಾಳಿ ತಾಗದಂತೆ ದಪ್ಪಗೆ ಮುಚ್ಚಿದರೆ ಆಯಿತಲ್ಲ ಅಂತ ನಾನು ತಿಳಿದಿದ್ದೆ. ಆದರೆ ಬಿಟುಮೆನ್ ವರ್ಷ ಕಳೆದಂತೆ ತನ್ನ ಮೆದುತನ ಕಳೆದುಕೊಂಡು ಗಡುಸಾಗುತ್ತದೆ. ಕಲ್ಲು ಬಡಿದಲ್ಲಿ, ಚಾಸಿ ತಿರುಚಿಕೊಳ್ಳುವಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಅಲ್ಲಿಂದ ಒಳಹೊಕ್ಕ ನೀರು ಪದರದ ಹಿಂದೆ ಹರಡಿಕೊಳ್ಳುತ್ತದೆ. ಹೊಕ್ಕ ನೀರಿಗೆ ಆರಿಹೋಗಲು ದಾರಿಯಿಲ್ಲ.

ಮುಂದಿನದನ್ನು ಸರಿಯಾಗಿ ತಿಳಿದುಕೊಳ್ಳಲು ನನಗೆ ತುಂಬ ಸಮಯ ಹಿಡಿಯಿತು. ಬಿರುಕಿನ ಬಾಯಲ್ಲಿ ಆಮ್ಲಜನಕ ಹೆಚ್ಚು, ಪದರದ ಹಿಂದೆ ಕಡಿಮೆ. ಒಂದೇ ಒದ್ದೆ ಲೋಹದ ಎರಡು ಜಾಗಗಳಲ್ಲಿ ಆಮ್ಲಜನಕ ಹೀಗೆ ಏರುಪೇರಾದರೆ ಅದೇ ಒಂದು ಸಣ್ಣ ಬ್ಯಾಟರಿ ಆಗಿಬಿಡುತ್ತದೆ. ಅದರಲ್ಲಿ ಕರಗುವುದು ಆಮ್ಲಜನಕ ಕಡಿಮೆ ಇರುವ ಕಡೆಯ ಕಬ್ಬಿಣ. ಅಂದರೆ ಕಣ್ಣಿಗೆ ಕಾಣುವ ಬಿರುಕಿನಲ್ಲಿ ಒಂದು ಕಂದು ಗೆರೆ ಮಾತ್ರ ಇರುತ್ತದೆ, ಕಾಣದ ಹಿಂಬದಿಯಲ್ಲಿ ಗುಂಡಿ ಬೀಳುತ್ತಿರುತ್ತದೆ. ಒದ್ದೆ ಮಣ್ಣು ಮೆತ್ತಿಕೊಂಡ ಕಡೆ, ಎರಡು ತಗಡು ಒಂದರ ಮೇಲೊಂದು ಕೂತ ಸಂದಿನಲ್ಲಿ ನಡೆಯುವುದೂ ಇದೇ. ಕಡಲತೀರದ ಉಪ್ಪು ಸೇರಿದರೆ ಆ ನೀರಿನಲ್ಲಿ ವಿದ್ಯುತ್ ಇನ್ನಷ್ಟು ಸಲೀಸಾಗಿ ಹರಿಯುತ್ತದೆ. ಉಪ್ಪು ಗಾಳಿಯ ಪಸೆಯನ್ನೂ ಎಳೆದುಕೊಳ್ಳುವುದರಿಂದ ಆ ಜಾಗ ಬೇಗ ಆರುವುದೂ ಇಲ್ಲ.

ಇದರ ಮೇಲೆ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜಾಗ ಕೇಳುತ್ತದೆ. ಬಾಡಿಯನ್ನು ಚಾಸಿಗೆ ಬಿಗಿಯುವ ಜಾಗದ, ಅಂದರೆ ಬಾಡಿ ಮೌಂಟಿನ ಬ್ರಾಕೆಟ್ ಒಂದರಲ್ಲಿ ಸ್ಪಾಟ್ ವೆಲ್ಡ್ ಮಾಡಿದ ಎರಡು ತಗಡುಗಳ ನಡುವೆ ತುಕ್ಕು ಬೆಳೆದು, ತಗಡೇ ದಿಂಬಿನ ಹಾಗೆ ಉಬ್ಬಿಕೊಂಡಿತ್ತು. ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿ ಬಣ್ಣ ಹೊಡೆಯಬಹುದು ಅನ್ನಿಸುವಂಥ ಉಬ್ಬು ಅದು. ಹಾಗೆ ಮಾಡಲೇಬಾರದು. ಉಬ್ಬು ಕಂಡಿತು ಅಂದರೆ ಒಳಗಿನ ಸಂದು ಹೋಗಿದೆ ಅಂತಲೇ ಅರ್ಥ.

ತಪಾಸಣೆ

ಎಲ್ಲ ಕೆಲಸಕ್ಕೂ ಮೊದಲು ಗಾಡಿಯನ್ನು ನಾಲ್ಕು ಸ್ಟ್ಯಾಂಡ್ ಮೇಲೆ ಕೂರಿಸಿದೆವು. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕುವುದು ಬೇಡವೇ ಬೇಡ, ತುಕ್ಕು ಹಿಡಿದ ಚಾಸಿಯಾದರೆ ಇನ್ನೂ ಬೇಡ, ಏಕೆಂದರೆ ಜಾಕ್ ಕೊಟ್ಟ ಜಾಗವೇ ಕುಸಿಯಬಹುದು. ಆಮೇಲೆ ತುದಿಯಿಂದ ತುದಿಗೆ ತಟ್ಟುತ್ತ ಹೋಗಿ ಸೀಮೆಸುಣ್ಣದಲ್ಲಿ ಮೂರು ಬಗೆಯ ಗುರುತು ಹಾಕಿದೆವು. ಮೇಲ್ಮೈ ತುಕ್ಕಿಗೆ ಒಂದು ಗೆರೆ, ಗುಂಡಿ ಬಿದ್ದ ಕಡೆ ಅಡ್ಡ ಹಾಕಿದ ಎರಡು ಗೆರೆ, ತೂತಾದ ಅಥವಾ ಮೊನೆಗೆ ಬಗ್ಗುವ ಕಡೆ ಸುತ್ತು. ತಂತಿ ತುದಿಯ ಸಣ್ಣ ಕ್ಯಾಮೆರಾವನ್ನು ತೊಲೆಯ ತೂತುಗಳಿಂದ ಒಳಗೆ ಬಿಟ್ಟು ನೋಡಿದೆವು. ಒಳಮೈಯ ಮೇಲರ್ಧ ಪರವಾಗಿಲ್ಲ ಅನ್ನುವಂತಿತ್ತು. ಅಡಿಯಲ್ಲಿ ಮಾತ್ರ ಎರಡು ಬೆರಳು ದಪ್ಪ ಮಣ್ಣು.

ಅಲ್ಟ್ರಾಸಾನಿಕ್ ದಪ್ಪಮಾಪಕ ಎರವಲು ಸಿಕ್ಕಿದ್ದು ಅನುಕೂಲವಾಯಿತು. ಹೊರಮೈಯಲ್ಲಿ ಅಂಗೈಯಗಲ ಕಬ್ಬಿಣ ಹೊಳೆಯುವಂತೆ ಉಜ್ಜಿ, ಜೆಲ್ ಹಚ್ಚಿ ಇಟ್ಟರೆ ಇನ್ನೊಂದು ಬದಿ ಮುಟ್ಟದೆಯೇ ದಪ್ಪ ಹೇಳುತ್ತದೆ. ಒಳ್ಳೆಯ ಕಡೆ 2.8, 2.9 ಮಿಲಿಮೀಟರ್ ತೋರಿಸಿತು. ಎಡ ತೊಲೆಯ ಆ ತೂತಿನ ಸುತ್ತ 1.3. ಬಲ ತೊಲೆಯಲ್ಲಿ ಅದೇ ಜಾಗದಲ್ಲಿ 2.5 ಇತ್ತು. ಎಡಗಡೆಯೇ ಯಾಕೆ ಹೀಗೆ ಅಂತ ಹುಡುಕಿದರೆ, ಮುಚ್ಚಿಹೋಗಿದ್ದ ಏಳು ತೂತುಗಳಲ್ಲಿ ಐದು ಎಡಗಡೆಯವೇ.

ಏನು ಮಾಡುವುದು ಅಂತ ಒಂದು ವಾರ ಯೋಚಿಸಿದೆ. ಬಾಡಿ ಎತ್ತಿ, ಬರೀ ಚಾಸಿಯನ್ನು ಬಿಸಿ ಗ್ಯಾಲ್ವನೈಸಿಂಗ್‌ಗೆ ಕೊಡುವ ದಾರಿ ಇದೆ. ಆಮ್ಲದಲ್ಲಿ ತೊಳೆದು, ಸುಮಾರು 450 ಡಿಗ್ರಿ ಸೆಲ್ಸಿಯಸ್ ಕರಗಿದ ಸತುವಿನಲ್ಲಿ ಮುಳುಗಿಸುವುದರಿಂದ ಒಳಮೈಗೂ ಸತು ಹತ್ತುತ್ತದೆ. ತುಕ್ಕಿನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಕೆಲಸ ಇಲ್ಲ ಅಂತಲೇ ನನ್ನ ಅಭಿಪ್ರಾಯ. ಆದರೆ ಒಂದು ಕಡೆ ತೆಳುವಾಗಿ, ಇನ್ನೊಂದು ಕಡೆ ತೇಪೆ ಹಾಕಿಸಿಕೊಂಡ ಹಳೆಯ ಚಾಸಿ ಆ ಶಾಖಕ್ಕೆ ಸೊಟ್ಟಗಾಗುವ ಭಯವಿದೆ. ಸಂದುಗಳಲ್ಲಿ ಹೊಕ್ಕ ಆಮ್ಲ ಪೂರ್ತಿ ಹೊರಬರುವ ಖಾತ್ರಿಯೂ ಇಲ್ಲ. ಹೊಸ ಚಾಸಿಗಾದರೆ ಹಿಂದೆಮುಂದೆ ನೋಡದೆ ಮಾಡಿಸುತ್ತಿದ್ದೆ, ಇದಕ್ಕೆ ಬೇಡ ಅಂತ ತೀರ್ಮಾನಿಸಿದೆ.

ಹಾಗಾದರೆ ಉಳಿದದ್ದು ಕೈಕೆಲಸ. ನೀರು ಒಳಗೆ ಬರದಂತೆ ಮಾಡುವುದು ಇಂಥ ಗಾಡಿಯಲ್ಲಿ ಆಗದ ಮಾತು. ಬಂದ ನೀರು ಹೊರಗೆ ಹೋಗಬೇಕು, ತುಕ್ಕು ಬಂದರೆ ಬಂದ ಕೂಡಲೇ ಕಣ್ಣಿಗೆ ಬೀಳಬೇಕು. ಈ ಎರಡು ಮಾತನ್ನು ಗೋಡೆ ಮೇಲೆ ಬರೆದುಕೊಂಡು ಕೆಲಸ ಶುರುಮಾಡಿದೆ.

ಕೀಳುವುದು, ಕತ್ತರಿಸುವುದು

ಐದು ವಾರದ ಕೆಲಸದಲ್ಲಿ ಎರಡೂವರೆ ವಾರ ಹಳೆಯದನ್ನು ಕೀಳುವುದಕ್ಕೇ ಹೋಯಿತು. ಬಿಟುಮೆನ್ ಮೇಲೆ ನೇರವಾಗಿ ಗ್ರೈಂಡರ್‌ನ ವೈರ್ ಬ್ರಷ್ ಇಟ್ಟರೆ ಅದು ಕರಗಿ ಹರಡುತ್ತದೆ ವಿನಾ ಬಿಡುವುದಿಲ್ಲ. ಹೀಟ್ ಗನ್‌ನಿಂದ ಮೆತ್ತಗೆ ಮಾಡಿ, ಅಗಲ ಉಳಿಯಂಥ ಸ್ಕ್ರೇಪರ್‌ನಿಂದ ಎಬ್ಬಿಸಿ, ಉಳಿದ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಬೇಕು. ಹೀಟ್ ಗನ್ ಕೆಲಸ ಮುಗಿದು ಲೋಹ ಪೂರ್ತಿ ತಣ್ಣಗಾದ ಮೇಲೆಯೇ ಸೀಮೆಎಣ್ಣೆ, ಅದು ಆರಿದ ಮೇಲೆಯೇ ಬ್ರಷ್. ಎಷ್ಟೋ ಕಡೆ ಪದರ ಕಿತ್ತರೆ ಅದರ ಬೆನ್ನಿಗೆ ತುಕ್ಕಿನ ಚಕ್ಕೆಯೂ ಅಂಟಿಕೊಂಡೇ ಬಂತು. ಕಪ್ಪು ಮುಖ, ಕಂದು ಬೆನ್ನು.

ವೈರ್ ಬ್ರಷ್ ಕೆಲಸದಲ್ಲಿ ಒಂದು ಮೋಸ ಇದೆ. ಗಟ್ಟಿ ತುಕ್ಕನ್ನು ಅದು ತೆಗೆಯುವ ಬದಲು ನುಣುಪು ಮಾಡಿ ಹೊಳಪು ಕೊಡುತ್ತದೆ. ಕಡು ಕಂದು ಮಿಶ್ರಿತ ಹೊಳಪು, ನೋಡಿದರೆ ಕಬ್ಬಿಣ ಅಂತಲೇ ಅನ್ನಿಸುತ್ತದೆ. ಅನುಮಾನ ಬಂದ ಕಡೆ 60 ನಂಬರಿನ ಫ್ಲ್ಯಾಪ್ ಡಿಸ್ಕ್ (ಗ್ರೈಂಡರ್ ಉಜ್ಜುತಟ್ಟೆ) ಒಂದು ಸಲ ತಾಗಿಸಿದರೆ ಗೊತ್ತಾಗುತ್ತದೆ. ಕಬ್ಬಿಣವಾದರೆ ಬೂದು ಬಿಳುಪು ಗೀರು ಏಳುತ್ತದೆ, ತುಕ್ಕಾದರೆ ಕಂದು ಧೂಳು. ಗುಂಡಿಗಳೊಳಗೆ ಡಿಸ್ಕ್ ಇಳಿಯುವುದಿಲ್ಲ. ಅಲ್ಲಿಗೆ ಗಾಳಿಯಿಂದ ನಡೆಯುವ ನೀಡಲ್ ಸ್ಕೇಲರ್, ಅಂದರೆ ಸೂಜಿಗಳ ಗೊಂಚಲಿನಿಂದ ಕುಟ್ಟುವ ಉಪಕರಣ, ಬೇಕೇ ಬೇಕಾಯಿತು. ಕಿವಿ ಮುಚ್ಚಿಕೊಳ್ಳದೆ ಅದನ್ನು ಹಿಡಿಯಬೇಡಿ. ಮುಖಕ್ಕೆ ಪೂರ್ತಿ ಶೀಲ್ಡ್, ಮೂಗಿಗೆ ಸರಿಯಾದ ಮಾಸ್ಕ್ ಕೂಡ ಅಷ್ಟೇ ಮುಖ್ಯ, ಬ್ರಷ್‌ನಿಂದ ಕಿತ್ತುಬಂದ ತಂತಿ ಒಂದು ದಿನ ನನ್ನ ಅಂಗಿಯ ತೋಳನ್ನು ಹಾದು ಚರ್ಮಕ್ಕೆ ನೆಟ್ಟಿತ್ತು.

ಬೆಸುಗೆಯನ್ನು ನಾನು ಮಾಡಲಿಲ್ಲ. ಭಾರ ಹೊರುವ ತೊಲೆಗೆ ಕೈ ಹಾಕಬೇಕಾದವರು ಅದನ್ನೇ ಕಸುಬು ಮಾಡಿಕೊಂಡವರು. ನನ್ನ ಪಾಲಿನದು ತಯಾರಿ. ಬ್ಯಾಟರಿ ಕಳಚಿ, ಆಲ್ಟರ್ನೇಟರ್ ಪ್ಲಗ್ ತೆಗೆದು, ಡೀಸೆಲ್ ಟ್ಯಾಂಕ್ ಪೂರ್ತಿ ಇಳಿಸಿ ದೂರ ಇಟ್ಟು, ವೈರಿಂಗ್ ಮತ್ತು ಬ್ರೇಕ್ ಪೈಪ್‌ಗಳನ್ನು ಪಕ್ಕಕ್ಕೆ ಕಟ್ಟಿದೆ. ಬೆಸುಗೆ ಹಾಕುವ ಜಾಗವನ್ನು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ಒರೆಸಲೇಬಾರದು. ಅದರ ಆವಿ ಆರ್ಕಿನ ಬೆಳಕಿಗೆ, ಶಾಖಕ್ಕೆ ಸಿಕ್ಕರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಕತ್ತರಿಸುವ ಮೊದಲು ತೊಲೆಯ ಎರಡೂ ಬದಿಗೆ ಆಸರೆ ಕೊಟ್ಟು, ಚಾಸಿ ಸೊಟ್ಟಗಾದರೆ ಗೊತ್ತಾಗಲಿ ಅಂತ ಅದರ ಕರ್ಣಗಳನ್ನು (ಮೂಲೆಯಿಂದ ಎದುರು ಮೂಲೆಯ ದೂರ) ಅಳೆದು ಬರೆದಿಟ್ಟೆವು. ಹೋದ ಭಾಗ 22 ಸೆಂಟಿಮೀಟರ್ ಉದ್ದವಿತ್ತು. ಗಟ್ಟಿ ಕಬ್ಬಿಣ ಸಿಗುವ ತನಕ ಎರಡೂ ಕಡೆ ಕತ್ತರಿಸಿದ ಮೇಲೆ ಅದು 31 ಆಯಿತು. ಹಳೆಯದರ ಮೇಲೆ ಹೊಸ ತಗಡು ಹೊದಿಸಿ ಸುತ್ತ ಬೆಸೆಯುವುದು ಸುಲಭ. ಆದರೆ ಎರಡು ಪದರದ ನಡುವೆ ಮತ್ತೊಂದು ಸಂದು ಹುಟ್ಟಿಸಿದ ಹಾಗೆ, ತುಕ್ಕಿಗೆ ನಾವೇ ಮನೆ ಕಟ್ಟಿಕೊಟ್ಟ ಹಾಗೆ. ಆದ್ದರಿಂದ 3 ಮಿಲಿಮೀಟರ್ ತಗಡನ್ನು ಅಂಚಿಗೆ ಅಂಚು ಕೂಡಿಸಿ ಬೆಸೆಸಿದೆವು. ಕೂಡುವ ಗೆರೆಯೂ ತೊಲೆಗೆ ಅಡ್ಡವಾಗಿ ನೆಟ್ಟಗೆ ಬರದಂತೆ ಓರೆಯಾಗಿ ಕತ್ತರಿಸಿದ್ದ ವೆಲ್ಡರ್. ಅಡ್ಡ ಗೆರೆಯಲ್ಲಿ ಬೆಸುಗೆ ಬಂದರೆ ತೊಲೆ ಬಾಗುವಾಗ ಎಳೆತವೆಲ್ಲ ಒಂದೇ ಗೆರೆಯ ಮೇಲೆ ಬೀಳುತ್ತದೆ. ಉಬ್ಬಿದ್ದ ಬ್ರಾಕೆಟ್ಟನ್ನೂ ಬಿಡಿಸಿ ಹೊಸದು ಕೂರಿಸಿದ. ಮುಗಿದ ಮೇಲೆ ಕರ್ಣಗಳನ್ನು ಮತ್ತೆ ಅಳೆದೆವು, ಒಂದು ಮಿಲಿಮೀಟರ್ ವ್ಯತ್ಯಾಸ. ತೊಲೆಯೊಳಗೆ ಉಳಿದ ಜಿಡ್ಡು ಹೊಗೆಯಾಡಬಹುದು ಅಂತ ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಒಂದು ಗಂಟೆ ಅಲ್ಲೇ ಕೂತೆ.

ತೊಳೆಯುವುದು, ಆರಿಸುವುದು

ಕಬ್ಬಿಣ ಬರಿಮೈಯಾದ ಸಂಜೆ ನೋಡಿದರೆ ಎಲ್ಲ ಬೂದು ಬಣ್ಣಕ್ಕೆ ತಿರುಗಿ ಚೆನ್ನಾಗಿತ್ತು. ಬೆಳಿಗ್ಗೆ ಟಾರ್ಚ್ ಬಿಟ್ಟು ನೋಡಿದೆ. ಸಪಾಟು ಜಾಗ ಬೂದಾಗಿಯೇ ಇತ್ತು. ಗುಂಡಿಗಳ ತಳದಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ಕೇಸರಿ ಚುಕ್ಕಿಗಳು ಮೂಡಿದ್ದವು. ಗುಂಡಿಯೊಳಗೆ ಉಪ್ಪು ಉಳಿದಿದೆ ಅನ್ನುವುದರ ಗುರುತು ಅದು. ಇದರ ಮೇಲೆ ಎಂಥ ಬಣ್ಣ ಹೊಡೆದರೂ ಆ ಚುಕ್ಕಿಯಿಂದಲೇ ಮತ್ತೆ ಗುಳ್ಳೆ ಏಳುತ್ತದೆ. ಬಿಸಿನೀರು ಹಾಕಿ, ಗಟ್ಟಿ ನೈಲಾನ್ ಬ್ರಷ್‌ನಿಂದ ತಿಕ್ಕಿ, ತೊಳೆದು, ಬ್ಲೋವರ್‌ನಲ್ಲಿ ಆರಿಸಿ, ಮತ್ತೆ ರಾತ್ರಿ ಕಾದು ನೋಡುವುದು. ಮೂರು ಸಲ ಹೀಗೆ ಮಾಡಿದ ಮೇಲೆ ಚುಕ್ಕಿ ಬರುವುದು ನಿಂತಿತು. ಈ ಮೂರು ರಾತ್ರಿಗಳನ್ನು ಉಳಿಸಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು.

ತೊಲೆಯ ಒಳಗಿನ ಮಣ್ಣು ತೆಗೆಯಲು ಹಿಂದಕ್ಕೆ ಚಿಮ್ಮುವ ನಳಿಕೆಯ ಉದ್ದ ಪೈಪನ್ನು ಒಂದು ತುದಿಯಿಂದ ತೂರಿಸಿದೆವು. ಮೊದಲು ಗಂಜಿಯಂಥ ಕೆಸರು, ಆಮೇಲೆ ಚಕ್ಕೆಗಳು, ಕೊನೆಗೆ ತಿಳಿನೀರು. ಎರಡೂ ತೊಲೆಯಿಂದ ಬಂದದ್ದು ಒಂದೂವರೆ ಬಕೆಟ್ ಆಯಿತು. ನಂತರ ಎರಡು ದಿನ ಪೂರ್ತಿ ಬ್ಲೋವರ್ ಹಚ್ಚಿಟ್ಟೆ.

ಗುಂಡಿಗಳಿಗೆ, ಬ್ರಷ್ ಹೋಗದ ಮೂಲೆಗಳಿಗೆ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ಹಚ್ಚಿದೆ. ಅದು ಉಳಿದ ತೆಳು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಬದಲಿಸುತ್ತದೆ. ಚಕ್ಕೆ ಎದ್ದ ದಪ್ಪ ತುಕ್ಕಿನ ಮೇಲೆ ಹಚ್ಚಿದರೆ ಮೇಲಿನ ಪದರ ಮಾತ್ರ ಬದಲಾಗುತ್ತದೆ, ಕೆಳಗಿನದು ಹಾಗೇ ಇರುತ್ತದೆ. ಕನ್ವರ್ಟರ್ ಇದ್ದರೆ ಕೆರೆಯುವ ಕೆಲಸ ಉಳಿಯಿತು ಅಂದುಕೊಳ್ಳುವವರೇ ಹೆಚ್ಚು. ಕೆರೆದು ಮುಗಿಸಿದವರಿಗೆ ಮಾತ್ರ ಅದು ಉಪಯೋಗ.

ಇಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ಬಲಗಡೆಯಲ್ಲಿ ತೊಲೆಯಿಂದ ಹೊರಕ್ಕೆ ಚಾಚಿ ಬಾಡಿಯನ್ನು ಹೊರುವ ಒಂದು ಔಟ್‌ರಿಗರ್‌ನಲ್ಲಿ ಆಮ್ಲವನ್ನು ಸರಿಯಾಗಿ ತೊಳೆಯದೆ ಒರೆಸಿ ಬಿಟ್ಟಿದ್ದೆ. ಮೇಲೆ ಹಚ್ಚಿದ ಎಪಾಕ್ಸಿ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ, ಹಾರ್ಡನರ್ ಎಂಬ ಗಟ್ಟಿ ಮಾಡುವ ದ್ರವ ಬೆರೆಸಿದ ಕೋಟ್) ಬೇರೆಲ್ಲ ಕಡೆ ಕಲ್ಲಿನಂತೆ ಗಟ್ಟಿಯಾದರೂ ಅಲ್ಲಿ ಮೂರು ದಿನವಾದರೂ ಜಿಗುಟಾಗಿಯೇ ಇತ್ತು. ಉಗುರಿನಿಂದ ಎಳೆದರೆ ಬಾಳೆಪಟ್ಟೆಯಂತೆ ಸುಲಿದು ಬಂತು. ಎಪಾಕ್ಸಿಯ ಹಾರ್ಡನರ್‌ಗೆ ಆಮ್ಲ ಆಗಿಬರುವುದಿಲ್ಲ. ಆ ಭಾಗವನ್ನೆಲ್ಲ ಮತ್ತೆ ಬರಿಮೈ ಮಾಡಿ ಮೊದಲಿನಿಂದ ಮಾಡಿದೆ.

ಬಣ್ಣ

ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್ ಆರಿಸಿಕೊಂಡಿದ್ದು ಅದು ತೇವವನ್ನು ಚೆನ್ನಾಗಿ ತಡೆಯುತ್ತದೆ ಮತ್ತು ಕಬ್ಬಿಣಕ್ಕೆ ಗಟ್ಟಿಯಾಗಿ ಹಿಡಿಯುತ್ತದೆ ಅಂತ. ಸತು ತುಂಬಿದ ಪ್ರೈಮರ್ ಒಳ್ಳೆಯದೇ, ಆದರೆ ಅದರ ಸತು ಬರಿ ಕಬ್ಬಿಣಕ್ಕೆ ನೇರವಾಗಿ ತಾಗಿದರಷ್ಟೇ ಕೆಲಸ ಮಾಡುತ್ತದೆ. ಗುಂಡಿ ಬಿದ್ದು ಫಾಸ್ಫೇಟ್ ಆದ ಮೈಗೆ ಅದು ಹೊಂದುವುದಿಲ್ಲ.

ಹಚ್ಚುವ ಹೊತ್ತು ಯಾವುದು ಅನ್ನುವುದೂ ಮುಖ್ಯ. ಲೋಹದ ಮೈ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರಲು ಶುರುವಾಗುವ ತಾಪಕ್ಕಿಂತ) ಕಡಿಮೆಯೆಂದರೆ 3 ಡಿಗ್ರಿ ಬೆಚ್ಚಗಿರಬೇಕು, ಗಾಳಿಯ ತೇವಾಂಶ ಶೇಕಡಾ 85 ದಾಟಿರಬಾರದು ಅನ್ನುವುದು ಬಣ್ಣದ ಕಸುಬಿನ ಸಾಮಾನ್ಯ ನಿಯಮ. ಒಂದು ಬೆಳಿಗ್ಗೆ ಗಾಳಿ 26 ಡಿಗ್ರಿ, ತೇವಾಂಶ ಶೇಕಡಾ 80. ಇಬ್ಬನಿ ಬಿಂದು ಸುಮಾರು 22 ಆಯಿತು. ರಾತ್ರಿ ತಣ್ಣಗಾದ ದಪ್ಪ ಚಾಸಿ ಇನ್ನೂ 24ರಲ್ಲೇ ಇತ್ತು. ಕೈಗೆ ಒಣಗಿದಂತೆ ಅನ್ನಿಸಿದರೂ ಅವತ್ತು ಮಧ್ಯಾಹ್ನದ ತನಕ ಡಬ್ಬಿ ತೆರೆಯಲಿಲ್ಲ.

ಮೊದಲು ಅಂಚು, ಬೆಸುಗೆ ಗೆರೆ, ಬೋಲ್ಟ್ ತೂತುಗಳ ಸುತ್ತ ಬ್ರಷ್‌ನಿಂದ ಒಂದು ಸುತ್ತು. ಒದ್ದೆ ಬಣ್ಣ ಚೂಪು ಅಂಚಿನಿಂದ ಹಿಂದೆ ಸರಿದು ಅಲ್ಲಿ ತೆಳುವಾಗುತ್ತದೆ, ತುಕ್ಕೂ ಅಲ್ಲಿಂದಲೇ ಶುರುವಾಗುತ್ತದೆ. ಆಮೇಲೆ ಪೂರ್ತಿ ಎರಡು ಕೋಟ್. ಮೊದಲನೆಯದು ಕೆಂಪು, ಎರಡನೆಯದು ಬೂದು, ಬಿಟ್ಟುಹೋದ ಜಾಗ ತಾನಾಗಿ ಕಾಣಲಿ ಅಂತ. ಕೊನೆಗೆ ಪಾಲಿಯುರೆಥೇನ್ ಬಣ್ಣ. ಅದರ ಹಾರ್ಡನರ್‌ನಲ್ಲಿ ಉಸಿರಿಗೆ ಕೆಟ್ಟದ್ದಾದ ಐಸೋಸಯನೇಟ್ ಇರುವುದರಿಂದ ಸ್ಪ್ರೇ ಮಾಡದೆ, ಬಾಗಿಲೆಲ್ಲ ತೆರೆದಿಟ್ಟು ಬ್ರಷ್‌ನಲ್ಲೇ ಹಚ್ಚಿದೆ.

ಬಣ್ಣ ತಿಳಿ ಬೂದು. ಚಾಸಿ ಅಂದರೆ ಕಪ್ಪೇ ಇರಬೇಕು ಅಂತ ವೆಲ್ಡರ್ ವಾದಿಸಿದ. ನಾನು ಒಪ್ಪಲಿಲ್ಲ. ಏಳು ವರ್ಷ ಕಪ್ಪು ನನ್ನಿಂದ ಮುಚ್ಚಿಟ್ಟದ್ದನ್ನು ತಿಳಿ ಬೂದು ಏಳು ದಿನದಲ್ಲಿ ತೋರಿಸುತ್ತದೆ. ಸಂದುಗಳ ಮೇಲಂಚಿಗೆ ಸೀಲೆಂಟ್ ತುಂಬಿದೆ, ಕೆಳಗಿನ ಅಂಚುಗಳನ್ನು ಬೇಕೆಂದೇ ತೆರೆದು ಬಿಟ್ಟೆ.

ತೊಲೆಯೊಳಗೆ ಗಟ್ಟಿ ಬಣ್ಣ ಹೊಡೆದು ಪ್ರಯೋಜನವಿಲ್ಲ, ಅಲ್ಲಿ ಕೆರೆದು ಸ್ವಚ್ಛ ಮಾಡಲು ಆಗುವುದಿಲ್ಲವಲ್ಲ. ಅಲ್ಲಿಗೆ ಕ್ಯಾವಿಟಿ ವ್ಯಾಕ್ಸ್, ಅಂದರೆ ಟೊಳ್ಳು ಭಾಗಗಳೊಳಗೆ ಚಿಮ್ಮಿಸುವ ಮೇಣ. ಅದು ಪೂರ್ತಿ ಗಟ್ಟಿಯಾಗದೆ ಮೆದುವಾಗಿಯೇ ಇದ್ದು ಸಂದುಗಳಿಗೆ ಹರಿದುಕೊಳ್ಳುತ್ತದೆ, ಗೀರು ಬಿದ್ದರೆ ತಾನೇ ಕೂಡಿಕೊಳ್ಳುತ್ತದೆ. ಡಬ್ಬಿಯನ್ನು ಬಿಸಿನೀರಿನ ಬಕೆಟ್‌ನಲ್ಲಿ ಇಟ್ಟು ಬೆಚ್ಚಗೆ ಮಾಡಿ, ಸುತ್ತಲೂ ಚಿಮ್ಮುವ ನಳಿಕೆಯನ್ನು ತೊಲೆಯ ತುದಿಯ ತನಕ ತೂರಿಸಿ, ನಿಧಾನವಾಗಿ ಹಿಂದಕ್ಕೆ ಎಳೆಯುತ್ತ ಬಂದೆ. ಹನ್ನೆರಡೂ ತೂತುಗಳಿಂದ ವ್ಯಾಕ್ಸ್ ತೊಟ್ಟಿಕ್ಕುವ ತನಕ ಬಿಡಲಿಲ್ಲ. ಮಾರನೆಯ ದಿನ ಒಂದೊಂದು ತೂತಿಗೂ ಮೊಳೆ ತೂರಿಸಿ ಮತ್ತೆ ಬಿಡಿಸಿದೆ. ಎರಡು ತೊಲೆಗೆ ಮೂರೂವರೆ ಲೀಟರ್ ಹಿಡಿಯಿತು.

ಬಣ್ಣ, ವ್ಯಾಕ್ಸ್ ಎಲ್ಲಿ ಹಚ್ಚಬಾರದು ಅನ್ನುವುದನ್ನೂ ಹೇಳಬೇಕು. ಸೈಲೆನ್ಸರ್, ಬ್ರೇಕ್ ಡ್ರಮ್ ಮತ್ತು ಡಿಸ್ಕ್, ರಬ್ಬರ್ ಬುಷ್, ಆಕ್ಸಲ್‌ನ ಉಸಿರಾಟದ ತೂತು, ಕೊರೆದಿರುವ ಚಾಸಿ ನಂಬರ್. ಚಕ್ರಗಳ ಕಡೆಗೆ ಎಂಜಿನ್ ಶಕ್ತಿ ಒಯ್ಯುವ, ತಿರುಗುವ ಪ್ರೊಪೆಲ್ಲರ್ ಶಾಫ್ಟ್‌ಗೂ ಬೇಡ, ಒಂದು ಬದಿಗೆ ದಪ್ಪ ಹತ್ತಿದರೆ ತೂಕ ತಪ್ಪಿ ಅದುರುತ್ತದೆ. ಬ್ರೇಕ್ ಪೈಪ್‌ಗಳನ್ನು ಕ್ಲಿಪ್ ಬಿಚ್ಚಿ ನೋಡಿದಾಗ ಕ್ಲಿಪ್‌ನ ಅಡಿಯಲ್ಲೇ ಗುಂಡಿ ಬಿದ್ದಿತ್ತು. ಎಲ್ಲವನ್ನೂ ತಾಮ್ರ ನಿಕಲ್ ಮಿಶ್ರಲೋಹದ ಪೈಪ್‌ಗೆ ಬದಲಿಸಿದೆ.

ಎರಡು ವರ್ಷದ ಬಳಿಕ

ಮೊನ್ನೆ ಮತ್ತೆ ಸ್ಟ್ಯಾಂಡ್ ಮೇಲೆ ಕೂರಿಸಿ, ತೊಳೆದು, ಟಾರ್ಚ್ ಹಿಡಿದು ತುದಿಯಿಂದ ತುದಿಗೆ ನೋಡಿದೆ. ಹೊಸ ತಗಡು ಕೂಡಿಸಿದ ಜಾಗ ಸುತ್ತಿಗೆಗೆ ಠಣ್ ಅನ್ನುತ್ತದೆ. ಮುಂದಿನ ಚಕ್ರಗಳ ಹಿಂದೆ ಕಲ್ಲು ಬಡಿದು ಎರಡು ಕಡೆ ಬಣ್ಣ ಹಾರಿತ್ತು, ತಿಳಿ ಬೂದಿನ ಮೇಲೆ ಕೇಸರಿ ಚುಕ್ಕಿ ದೂರದಿಂದಲೇ ಕಂಡಿತು. ಕೆರೆದು, ಪ್ರೈಮರ್ ಹಚ್ಚಿದೆ, ಅರ್ಧ ಗಂಟೆಯ ಕೆಲಸ. ಕ್ಯಾಮೆರಾದಲ್ಲಿ ನೋಡಿದರೆ ತೊಲೆಗಳ ಒಳಗೆ ವ್ಯಾಕ್ಸ್ ಹಾಗೇ ಇದೆ. ಹೊಳೆ ನೀರು ನುಗ್ಗುವ ಹಿಂದಿನ ತೂತುಗಳ ಹತ್ತಿರ ಮಾತ್ರ ತೆಳುವಾಗಿತ್ತು, ಅಲ್ಲಿಗೆ ಮತ್ತೊಂದು ಸುತ್ತು ಹೊಡೆದೆ.

ಸರಿಯಾಗದೆ ಉಳಿದದ್ದು ಒಂದು. ಬಲಗಡೆಯ ಮೂರನೆಯ ಬಾಡಿ ಮೌಂಟ್‌ನ ರಬ್ಬರಿನ ಅಡಿಯಿಂದ ಒಂದು ಕಂದು ಗೆರೆ ಇಳಿದಿದೆ. ಅವತ್ತು ಅದರ ಬೋಲ್ಟ್ ಜಾಮ್ ಆಗಿತ್ತು, ಮುರಿದರೆ ಎಂಬ ಭಯಕ್ಕೆ ಬಿಚ್ಚದೆ ಸುತ್ತ ಮಾತ್ರ ಬಣ್ಣ ಹಚ್ಚಿದ್ದೆ. ನಾಲ್ಕು ದಿನದಿಂದ ಬೆಳಿಗ್ಗೆ ಸಂಜೆ ಪೆನೆಟ್ರೇಟಿಂಗ್ ಆಯಿಲ್ ಬಿಡುತ್ತಿದ್ದೇನೆ. ನಿನ್ನೆ ಕಾಲು ಸುತ್ತು ತಿರುಗಿತು. ಭಾನುವಾರ ಆ ಮೂಲೆಯ ಬಾಡಿ ಎತ್ತಿ ಕೆಳಗೇನಿದೆ ನೋಡಬೇಕು.